ಎಂಟನೆಯ ಬಾಗಿಲಿನ ಲೋಕಾರ್ಪಣೆ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ತಾರಾನಾಥನಿಗೆ ಅದು ಇರಲಿಲ್ಲ. ಅವನ ಸುಳ್ಳುಗಳೆಲ್ಲ ಮನೆಮಟ್ಟದವು: ಸ್ಟೇಶನ್ನಿನಲ್ಲಿ ವಡಾಪಾವ್ ತಿಂದಿಲ್ಲ, ಬಿ.ಪಿ. ಮಾತ್ರೆ ನುಂಗಿಯಾಯಿತು, ಇಂಥವು. ಮೀಸೆಗೆ ಅಂಟಿದ ಚಟ್ನಿ ನೋಡಿಯೇ ಹೆಂಡತಿ ಊರ್ಮಿಳಾ ಅವನ್ನು ಹಿಡಿದುಬಿಡುತ್ತಿದ್ದಳು. ಅಂಥ ಮನುಷ್ಯ ಡೊಂಬಿವಲಿ ಪೂರ್ವದ ಕನ್ನಡಿಗರನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿ, ದೀಪ ಹಚ್ಚಿಸಿ, ಇಲ್ಲದ ವಸ್ತುವೊಂದನ್ನು ಲೋಕಾರ್ಪಣೆ ಮಾಡಿಸಿದ ಎಂದರೆ ಅದರಲ್ಲಿ ಅವನ ಸಾಮರ್ಥ್ಯ ಕಡಿಮೆ, ಊರವರ ಉತ್ಸಾಹವೇ ಹೆಚ್ಚು.

ಮೊಬೈಲಿನ ಡೇಟಾ ಇದ್ದಕ್ಕಿದ್ದಂತೆ ಅಗ್ಗವಾದ ವರ್ಷವದು. ಎಲ್ಲರ ಫೋನಿಗೂ ಒಂದು ಆಟ ಬಂದು ಕೂತಿತು. ಅದರ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹಿಡಿಸದೆ ಎಲ್ಲರೂ ‘ಬಾಗಿಲಾಟ’ ಎಂದೇ ಕರೆದರು. ಒಂದು ಹಳೆಯ ಮನೆ, ಏಳು ಬಾಗಿಲು. ಒಂದೊಂದು ಬಾಗಿಲಿಗೂ ಒಂದೊಂದು ಒಗಟು. ಗಡಿಯಾರದ ಮುಳ್ಳು ತಿರುಗಿಸಬೇಕು, ತಕ್ಕಡಿ ಸರಿದೂಗಿಸಬೇಕು, ಗೋಡೆಯ ಮೇಲಿನ ಹಲ್ಲಿಯನ್ನು ದೀಪದ ಹತ್ತಿರ ಓಡಿಸಬೇಕು. ಇಷ್ಟೆಲ್ಲ ಒದ್ದಾಡಿ ಏಳನೆಯ ಬಾಗಿಲು ತೆರೆದರೆ ಒಳಗೆ ಒಂದು ಬರಿ ಕೋಣೆ, ನಡುವೆ ಒಂದು ಖಾಲಿ ಕುರ್ಚಿ. ಅಲ್ಲಿಗೆ ಪರದೆ ಕಪ್ಪಾಗಿ ‘ಮುಂದುವರಿಯುವುದು’ ಎಂದು ಬರುತ್ತಿತ್ತು.

ಬೇರೆ ಊರುಗಳಲ್ಲಿ ಇದನ್ನು ಜನ ಹೇಗೆ ತೆಗೆದುಕೊಂಡರೋ ಗೊತ್ತಿಲ್ಲ. ಡೊಂಬಿವಲಿ ಮಾತ್ರ ತಲ್ಲಣಿಸಿಹೋಯಿತು. ‘ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಇಡಲಿಕ್ಕೆ ಹೊಡೆದಾಡುವ ಜನ ನಾವು. ಕುರ್ಚಿ ಖಾಲಿ ಉಂಟು, ಆದರೂ ಯಾರೂ ಕೂರುವುದಿಲ್ಲ ಅಂದರೆ ಇದರಲ್ಲಿ ಎಂತದೋ ಉಂಟು ಮಾರಾಯ್ರೆ!’ ಎಂದ ತಾರಾನಾಥನ ಬೆಳಗಿನ ಎಂಟೂ ಐದರ ಫಾಸ್ಟ್ ಲೋಕಲ್ ರೈಲಿನ ಸಂಗಾತಿ ವಸಂತಕುಮಾರ. ಅವನು ‘ಕರಾವಳಿ ಕನ್ನಡ ಬಳಗ’ದ ಕಾರ್ಯದರ್ಶಿಯೂ ಹೌದು. ಎದುರು ಮನೆಯ ಜಲಜಾಕ್ಷಿಯಕ್ಕನ ವಾದವೇ ಬೇರೆ: ‘ಅದು ಅತ್ತೆ ಕೂತು ಎದ್ದುಹೋದ ಕುರ್ಚಿ. ಸರಿಯಾಗಿ ನೋಡಿ, ಅದರ ಮುಖ ಅಡುಗೆಮನೆಯ ಕಡೆಗೆ ಉಂಟು.’ ಬಳಗದ ಅಧ್ಯಕ್ಷ, ಹೋಟೆಲ್ ಅನ್ನಪ್ರಸಾದದ ಭುಜಂಗಣ್ಣ ನಾಲ್ಕನೆಯ ಬಾಗಿಲಿನಲ್ಲೇ ಸಿಕ್ಕಿಬಿದ್ದಿದ್ದರು. ಗಲ್ಲಾದಲ್ಲಿ ಕೂತು ಹಲ್ಲಿ ಓಡಿಸುತ್ತ, ಸಾಂಬಾರ್ ಕೇಳಿದ ಗಿರಾಕಿಗೆ ‘ಎಡಕ್ಕೆ ತಿರುಗಿಸಿ’ ಎಂದರಂತೆ.

ಇಡೀ ರೈಲು ಗುಂಪಿನಲ್ಲಿ ಏಳೂ ಬಾಗಿಲು ತೆರೆದವನು ತಾರಾನಾಥ ಒಬ್ಬನೇ. ಮಸ್ಜಿದ್ ಬಂದರಿನ ಆಫೀಸಿನ ಸಂಡಾಸಿನಲ್ಲಿ ಕೂತು, ಉತ್ತರಗಳ ವಿಡಿಯೋವನ್ನು ಸದ್ದಿಲ್ಲದೆ ನೋಡಿ ತೆರೆದದ್ದು ಎಂಬುದು ಅವನಿಗೂ ಅಲ್ಲಿನ ನಲ್ಲಿಗೂ ಮಾತ್ರ ಗೊತ್ತಿದ್ದ ಸಂಗತಿ. ಆದ್ದರಿಂದ ಒಂದು ಬೆಳಿಗ್ಗೆ ಎಲ್ಲರೂ ಅವನನ್ನೇ ಕೇಳಿದರು, ‘ತಾರಾನಾಥರೇ, ಎರಡನೆಯ ಭಾಗ ಬರುತ್ತದಾ?’

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ‘ಗೊತ್ತಿಲ್ಲ’ ಎಂಬ ಮಾತು ತಾರಾನಾಥನ ಬಾಯಿಂದ ಬಂದ ದಾಖಲೆಯೇ ಇಲ್ಲ. ದಾರಿ ಕೇಳಿದವರಿಗೂ ಯಾವುದಾದರೊಂದು ದಿಕ್ಕು ತೋರಿಸದೆ ಅವನು ಕಳಿಸಿದವನಲ್ಲ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಹಾಗೆ ಅವನು ಹೇಳಿದ:

‘ಬರ್ತದೆ, ತಯಾರಿ ನಡೀತಾ ಉಂಟು. ನಮ್ಮ ಅಕ್ಕನ ಮಗ ಮನೀಶ ಆ ಕಂಪನಿಯಲ್ಲೇ ಅಲ್ಲವಾ ಇರುವುದು?’

ಮನೀಶ ಇದ್ದದ್ದು ಘೋಡಬಂದರ್ ರಸ್ತೆಯ ಮಾಲ್ ಒಂದರಲ್ಲಿ. ಕಂಪ್ಯೂಟರ್ ಆಟ ಆಡುವವರು ಕೂರುವ ದೊಡ್ಡ ಕುರ್ಚಿಗಳ ಅಂಗಡಿ ಅವನದು. ಇದು ತಾರಾನಾಥನಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯ ಪೂಜೆಗೆ ಹೋಗಿ ಪೇಡೆ ತಿಂದು, ಅಂಥದೇ ಒಂದು ಕುರ್ಚಿಯಲ್ಲಿ ಕೂತು ತೂಕಡಿಸಿಯೂ ಬಂದಿದ್ದ.

ಸಂಜೆ ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮಗಳು ಅಶ್ಮಿತಾ ಹತ್ತನೆಯ ಕ್ಲಾಸಿನವಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅದೂ ಎರಡು ವರ್ಷಗಳಿಂದ ಅಪ್ಪನ ಪಾಲಿಗೆ ಬಂದದ್ದು ‘ಪಪ್ಪಾ, ಚಾರ್ಜರ್’ ಮತ್ತು ‘ಪಪ್ಪಾ, ಹಟೋ’ ಎಂಬ ಎರಡೇ ವಾಕ್ಯ. ಅವಳು ಆ ದಿನ ಟಿ.ವಿ. ನಿಲ್ಲಿಸಿ, ಕೇಳದೆಯೇ ಒಂದು ಲೋಟ ನೀರು ತಂದು ಅಪ್ಪನ ಕೈಗಿಟ್ಟಳು.

‘ಪಪ್ಪಾ, ಸಚ್ಚೀ? ಮನೀಶ್ ದಾದಾ ಉಧರ್ ಕಾಮ್ ಕರ್‌ತಾ ಹೈ? ಆಪ್ ನೇ ಕಭೀ ಬೋಲಾ ನಹೀಂ!’

ಅವಳ ಕಣ್ಣು ಹೊಳೆಯುತ್ತಿತ್ತು. ಅವಳೂ ಆ ಆಟದ ಹುಚ್ಚಿನವಳು. ಏಳೂ ಬಾಗಿಲು ಸ್ವಂತ ಬುದ್ಧಿಯಿಂದ ತೆರೆದವಳು. ತಾರಾನಾಥ ಮಗಳು ಕೈಯಾರೆ ತಂದ ನೀರನ್ನು ನೋಡಿದ, ಕುಡಿದ. ‘ಗುಟ್ಟಿನ ಕೆಲಸ ಮಗಾ,’ ಎಂದ.

‘ಕ್ಲಾಸ್ ಮೇ ಫ್ರೆಂಡ್ಸ್ ಕೋ ಬೋಲೂಂ?’

‘ಹೇಳು, ಅದರಲ್ಲಿ ಏನುಂಟು!’

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಊರ್ಮಿಳಾ, ಮಗಳು ಒಳಗೆ ಹೋದ ಮೇಲೆ ಮೆಲ್ಲನೆ ಕೇಳಿದಳು, ‘ಮನೀಶ ಕುರ್ಚಿ ಮಾರುವುದು ಅಲ್ಲವಾ?’

‘ಹೊರಗಿನಿಂದ ನೋಡುವವರಿಗೆ ಹಾಗೆ ಕಾಣ್ತದೆ.’

‘ಒಳಗಿನಿಂದ?’

‘ಒಳಗಿನಿಂದ... ನಿನಗೆ ಅರ್ಥ ಆಗುವುದಿಲ್ಲ.’

ಊರ್ಮಿಳಾ ಗಂಡನ ಮೀಸೆಯನ್ನೊಮ್ಮೆ ನೋಡಿದಳು. ಚಟ್ನಿ ಇರಲಿಲ್ಲ. ಆದರೂ ಅವಳಿಗೆ ನಂಬಿಕೆ ಬರಲಿಲ್ಲ.

ಭಾನುವಾರ ಅನ್ನಪ್ರಸಾದದಿಂದ ಬುಲಾವ್ ಬಂತು. ಭುಜಂಗಣ್ಣ ಗಲ್ಲಾ ಬಿಟ್ಟು ಎದ್ದುಬಂದು, ತಾರಾನಾಥನನ್ನು ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಬನ್ಸ್ ತರಿಸಿದರು.

‘ವಿಷಯ ಎಂತ ಅಂದ್ರೆ ತಾರಾನಾಥ, ವಾರ್ಷಿಕೋತ್ಸವ ಹತ್ತಿರ ಬಂತು. ಈ ವರ್ಷ ಬಳಗದಲ್ಲಿ ಯಾರೂ ಪುಸ್ತಕ ಬರೆಯಲಿಲ್ಲ. ಅದು ಸಂತೋಷದ ಸಂಗತಿಯೇ. ಆದರೆ ಲೋಕಾರ್ಪಣೆ ಮಾಡಲಿಕ್ಕೆ ಒಂದೂ ಇಲ್ಲ!’

ಇದು ಸಣ್ಣ ಸಂಕಟವಲ್ಲ. ಕೆಂಪು ಕಾಗದದ ಕಟ್ಟೊಂದನ್ನು ವೇದಿಕೆಯ ಮೇಲೆ ಬಿಚ್ಚಿ, ಒಳಗಿದ್ದದ್ದನ್ನು ಎದೆಗೆ ಹಿಡಿದುಕೊಂಡು ಫೋಟೋಗೆ ನಿಲ್ಲದೆ ಬಳಗದ ಯಾವ ಉತ್ಸವವೂ ಮುಗಿದದ್ದಿಲ್ಲ. ಕವನ ಸಂಕಲನಗಳು ಹೀಗೆ ಬಿಡುಗಡೆಯಾಗಿದ್ದವು, ಭಜನೆಯ ಸಿ.ಡಿ. ಆಗಿತ್ತು, ಪುಸ್ತಕವೂ ಸಿ.ಡಿ.ಯೂ ಸಿಗದ ಒಂದು ವರ್ಷ ಜಲಜಾಕ್ಷಿಯಕ್ಕನ ಮಾವಿನ ಮಿಡಿ ಉಪ್ಪಿನಕಾಯಿಯೂ ಲೋಕಾರ್ಪಣೆಗೊಂಡಿತ್ತು.

‘ಅಣ್ಣಾ, ಅದು ಮೊಬೈಲಿನ ಒಳಗೆ ಬರುವುದು,’ ಎಂದ ತಾರಾನಾಥ. ಬನ್ಸಿನ ತಟ್ಟೆಯನ್ನು ದೂರ ಸರಿಸಿದ. ‘ಕಾಗದದಲ್ಲಿ ಸುತ್ತಲಿಕ್ಕೆ ಆಗುವುದಿಲ್ಲ.’

‘ಅದನ್ನೆಲ್ಲ ವಸಂತಕುಮಾರ ಸುತ್ತುತ್ತಾರೆ. ನೀವು ಮನೀಶನಿಗೆ ಹೇಳಿ, ಎರಡನೆಯ ಭಾಗ ಮೊದಲು ನಮ್ಮ ವೇದಿಕೆಯಲ್ಲೇ ಬರಲಿ. ಒಂದು ಮಾತು... ನಾಲ್ಕನೆಯ ಬಾಗಿಲು ಸ್ವಲ್ಪ ಸಡಿಲ ಮಾಡಲಿಕ್ಕೆ ಆಗ್ತದಾ ಕೇಳಿ.’

ಆಮೇಲಿನದು ಹೇಳುವುದೇ ಬೇಡ. ‘ವಿಶ್ವದಲ್ಲೇ ಪ್ರಪ್ರಥಮ’ ಎಂದು ಆಮಂತ್ರಣ ಪತ್ರಿಕೆ ಅಚ್ಚಾಯಿತು. ತಾರಾನಾಥ ಮೆಟ್ಟಿಲು ಇಳಿದರೆ ಸಾಕು, ಒಬ್ಬರಲ್ಲ ಒಬ್ಬರು ಬೇಡಿಕೆ ಹಿಡಿದು ನಿಲ್ಲತೊಡಗಿದರು. ಜಲಜಾಕ್ಷಿಯಕ್ಕನಿಗೆ ಎರಡನೆಯ ಭಾಗದಲ್ಲಿ ಆ ಕುರ್ಚಿಯ ಅತ್ತೆ ಸೊಸೆಯ ಕ್ಷಮೆ ಕೇಳಬೇಕಿತ್ತು. ವಸಂತಕುಮಾರನಿಗೆ ಎಂಟನೆಯ ಬಾಗಿಲು ರೈಲಿನ ಬಾಗಿಲಾಗಬೇಕಿತ್ತು. ‘ಅದರೊಳಗೆ ನುಗ್ಗಿದವನೇ ನಿಜವಾದ ಬುದ್ಧಿವಂತ,’ ಎನ್ನುತ್ತಿದ್ದ. ಕಟ್ಟಡದ ಸೊಸೈಟಿಯ ಚೇರ್ಮನ್ ಮರಾಠಿಯಲ್ಲಿ, ನಮ್ಮ ತಾರಸಿಯ ಟ್ಯಾಂಕಿಗೆ ನೀರು ಯಾಕೆ ಏರುವುದಿಲ್ಲ ಎಂಬ ಒಗಟನ್ನೂ ಸೇರಿಸಿ, ಆಡುವವರಲ್ಲಿ ಯಾರಿಗಾದರೂ ಹೊಳೆದೀತು ಎಂದರು. ಕಾಮೋಠೆಯ ಕನ್ನಡಿಗರು ಬಸ್ಸು ಮಾಡಿಕೊಂಡು ಬರುತ್ತೇವೆಂದು ಫೋನ್ ಮಾಡಿದರು. ಭುಜಂಗಣ್ಣ ಟಿಟ್ವಾಳಾದ ಗಣಪತಿಗೆ ಹೋಗಿ, ಕಾರ್ಯಕ್ರಮ ನಿರ್ವಿಘ್ನವಾಗಿ ನಡೆಯಲೆಂದು ಹರಕೆ ಹೊತ್ತುಬಂದರು. ತಾರಾನಾಥನೂ ಅದೇ ಗಣಪತಿಗೆ, ಕಾರ್ಯಕ್ರಮಕ್ಕೆ ಏನಾದರೂ ವಿಘ್ನ ಬರಲೆಂದು ಮನೆಯಿಂದಲೇ ಕೈಮುಗಿದ. ಗಣಪತಿ ಖುದ್ದಾಗಿ ಬಂದವರ ಮಾತು ಕೇಳಿದ.

ಕೊನೆಗೆ ಅವನು ಘೋಡಬಂದರ್ ರಸ್ತೆಗೆ ಓಡಿದ. ಅಂಗಡಿಯ ಕುರ್ಚಿಗಳ ನಡುವೆ ಕೂತು ಎಲ್ಲವನ್ನೂ ಒದರಿದ.

‘ಮಾವ, ನಾನು ಕುರ್ಚಿ ಮಾರುವವ,’ ಎಂದ ಮನೀಶ.

‘ಗೊತ್ತು ಮಾರಾಯ.’

‘ಆ ಆಟದವರು ಯಾವ ದೇಶದವರು ಅಂತ್ಲೂ ನನಗೆ ಗೊತ್ತಿಲ್ಲ.’

‘ನನಗೂ ಗೊತ್ತಿಲ್ಲ. ಕಂಪನಿಯವರು ಬಿಡುಗಡೆ ಮುಂದಕ್ಕೆ ಹಾಕಿದ್ದಾರೆ ಅಂತ ವೇದಿಕೆಯಲ್ಲಿ ಹೇಳ್ತೇನೆ. ಆದರೆ ಬರಿಗೈಲಿ ಹೇಗೆ ಹೇಳುವುದು? ಭುಜಂಗಣ್ಣನಿಗೆ ಸಮಾಧಾನಕ್ಕೆ ಏನಾದರೂ ಕೊಡು.’

ಮನೀಶ ವ್ಯಾಪಾರಿ. ‘ಜನ ಎಷ್ಟು ಸೇರ್ತಾರೆ?’ ಎಂದಷ್ಟೇ ಕೇಳಿದ. ಹಾಲ್ ತುಂಬುತ್ತದೆ ಎಂದಾಗ ಅವನ ಮುಖ ಅರಳಿತು. ‘ಒಂದು ಒಳ್ಳೆ ಕುರ್ಚಿ ಕಳಿಸ್ತೇನೆ ಮಾವ. ಅಧ್ಯಕ್ಷರು ಅದರಲ್ಲೇ ಕೂರಲಿ.’

ಉತ್ಸವದ ದಿನ ಟೆಂಪೋದಲ್ಲಿ ಕುರ್ಚಿ ಬಂತು, ಧೂಳು ತಾಗದಂತೆ ಮೇಲಿಂದ ಕೆಳಗಿನವರೆಗೆ ಹೊದಿಸಿಕೊಂಡು. ಹಾಲ್‌ನ ಬಾಗಿಲಲ್ಲಿ ನಿಂತಿದ್ದ ವಸಂತಕುಮಾರ ಅದನ್ನು ಕಂಡ. ಮನೀಶನ ಕಡೆಯಿಂದ ಬಂದದ್ದು, ಏನೆಂದು ಕಾಣಿಸುತ್ತಿಲ್ಲ. ಅವನಿಗೆ ಅಷ್ಟು ಸಾಕಾಯಿತು. ಮೇಲೊಂದು ಕೆಂಪು ಕಾಗದ ಸುತ್ತಿ, ಜರಿಯ ರಿಬ್ಬನ್ ಕಟ್ಟಿ, ವೇದಿಕೆಯ ನಟ್ಟನಡುವೆ ಇಡಿಸಿಬಿಟ್ಟ.

ತಾರಾನಾಥ ಬರುವಷ್ಟರಲ್ಲಿ ಪ್ರಾರ್ಥನೆ ಶುರುವಾಗಿತ್ತು. ವೇದಿಕೆಯ ಮೇಲಿನ ಕೆಂಪು ಗುಡ್ಡ ನೋಡಿ ಅವನು ಅವಸರದಿಂದ ಮುಂದೆ ನಡೆದ. ಮುಂದಿನ ಸಾಲಿನಲ್ಲಿ ಅಶ್ಮಿತಾ, ಪಕ್ಕದಲ್ಲಿ ಅವಳ ಕ್ಲಾಸಿನ ಮೂವರು ಗೆಳತಿಯರು. ಮಗಳು ಅಪ್ಪನಿಗೆ ಕೈ ಬೀಸಿದಳು, ನಾಲ್ಕು ಜನರ ಎದುರು, ಸ್ವಲ್ಪವೂ ಸಂಕೋಚವಿಲ್ಲದೆ.

‘ಅಣ್ಣಾ, ಒಂದು ಮಾತು ಹೇಳಲಿಕ್ಕುಂಟು,’ ಎಂದು ಅವನು ಭುಜಂಗಣ್ಣನ ಕಿವಿಗೆ ಬಾಗಿದ.

‘ಭಾಷಣ ಆಮೇಲೆ ಮಾರಾಯ್ರೆ, ಮೊದಲು ದೀಪ.’

ದೀಪ ಹಚ್ಚಿದರು. ಜಲಜಾಕ್ಷಿಯಕ್ಕ ಸ್ವಾಗತ ಗೀತೆ ಹಾಡಿದರು. ಭುಜಂಗಣ್ಣ ರಿಬ್ಬನ್ ಎಳೆದರು. ಕಾಗದ ಹರಿಯಿತು, ಹೊದಿಕೆ ಜಾರಿತು. ಕೆಂಪು ಕಪ್ಪು ಬಣ್ಣದ, ಎತ್ತರ ಬೆನ್ನಿನ ಕುರ್ಚಿಯೊಂದು ವೇದಿಕೆಯ ನಡುವೆ ನಿಂತಿತ್ತು. ಅದರಲ್ಲಿ ಯಾರೂ ಕೂತಿರಲಿಲ್ಲ.

ತಾರಾನಾಥ ಕಣ್ಣು ಮುಚ್ಚಿಕೊಂಡ.

‘ಕುರ್ಚಿ!’ ಎಂದಿತು ಹಿಂದಿನಿಂದ ಒಂದು ದನಿ.

‘ಅದೇ ಕುರ್ಚಿ!’ ಎಂದು ವಸಂತಕುಮಾರ ಮೈಕಿನಲ್ಲೇ ಕಿರುಚಿದ. ‘ಏಳನೆಯ ಬಾಗಿಲಿನ ಕುರ್ಚಿ! ಆಟ ಮೊಬೈಲಿನಿಂದ ಹೊರಗೆ ಬಂದಿದೆ!’

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಮೋಠೆಯ ಬಸ್ಸಿನವರು ಶಿಳ್ಳೆ ಹಾಕಿದರು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ತಾರಾನಾಥನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಅವನನ್ನು ಆ ಕುರ್ಚಿಯಲ್ಲೇ ಕೂರಿಸಿಯಾಗಿತ್ತು. ಬುಟ್ಟಿ ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಅವನ ಕೈ ಕೆಳಗಿನ ಹಿಡಿಕೆಗೆ ತಾಗಿತು. ಕುರ್ಚಿ ಉಸ್ಸೆಂದು ನಿಟ್ಟುಸಿರು ಬಿಟ್ಟು, ಸನ್ಮಾನಿತರ ಸಮೇತ ಮೆಲ್ಲಮೆಲ್ಲನೆ ಕೆಳಗಿಳಿಯಿತು.

‘ಕ್ಲೂ!’ ಎಂದು ಕೂಗಿದರು ಜಲಜಾಕ್ಷಿಯಕ್ಕ. ‘ಎಂಟನೆಯ ಬಾಗಿಲು ನೆಲದ ಅಡಿಯಲ್ಲಿ ಉಂಟು!’

ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ತಾರಾನಾಥ ಪೇಟದ ಕೆಳಗಿನಿಂದ ಮಗಳನ್ನು ನೋಡಿದ. ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವರಲ್ಲೊಬ್ಬಳು ಬೆರಳು ಮಾಡಿ ತೋರಿಸುತ್ತಿದ್ದಳು: ಕುರ್ಚಿಯ ಬೆನ್ನಿನ ಮೇಲ್ತುದಿಯಲ್ಲಿ, ಪೇಟಕ್ಕಿಂತ ಒಂದು ಗೇಣು ಎತ್ತರದಲ್ಲಿ, ಮನೀಶನ ಅಂಗಡಿಯ ಹೆಸರು, ಫೋನ್ ನಂಬರು, ‘ಸುಲಭ ಕಂತುಗಳಲ್ಲಿ’ ಎಂಬ ಇಂಗ್ಲಿಷ್ ಅಕ್ಷರಗಳು. ಅಶ್ಮಿತಾ ನಗುತ್ತಿರಲಿಲ್ಲ. ತಲೆ ತಗ್ಗಿಸಿ ತನ್ನ ದುಪಟ್ಟಾದ ಅಂಚನ್ನು ಸುತ್ತುತ್ತಿದ್ದಳು.

ತಾರಾನಾಥನಿಗೆ ನಾಚಿಕೆಯಾಯಿತು. ಇದುವರೆಗೂ ಆದದ್ದು ಹೆದರಿಕೆ, ಇದು ನಾಚಿಕೆ. ಕುರ್ಚಿಯಿಂದ ಹೇಗೋ ಎದ್ದು ವಸಂತಕುಮಾರನ ಕೈಯಿಂದ ಮೈಕು ಕಿತ್ತುಕೊಂಡ.

‘ನಾನು ಸುಳ್ಳು ಹೇಳಿದ್ದು. ಮನೀಶ ಕುರ್ಚಿ ಮಾರುವವ. ಆಟ ಇಲ್ಲ, ಎಂಟನೆಯ ಬಾಗಿಲು ಇಲ್ಲ, ನನಗೆ ಏನೂ ಗೊತ್ತಿಲ್ಲ. ಮೊದಲನೆಯ ಭಾಗವನ್ನೂ ವಿಡಿಯೋ ನೋಡಿ ಮುಗಿಸಿದವ ನಾನು. ನನ್ನನ್ನು ಕ್ಷಮಿಸಿ.’

ಭುಜಂಗಣ್ಣನ ಕಣ್ಣಲ್ಲಿ ನೀರು ಬಂತು.

‘ನೋಡಿದಿರಾ ವಿನಯ!’ ಎಂದರು ಅವರು. ‘ಇಷ್ಟೆಲ್ಲ ಮಾಡಿ, ನಾನೇನೂ ಮಾಡಲಿಲ್ಲ ಅಂತಾರೆ!’

‘ಎಂಟನೆಯ ಬಾಗಿಲು ಇಲ್ಲ ಅಂದರು,’ ಎಂದ ವಸಂತಕುಮಾರ ಪಿಸುದನಿಯಲ್ಲಿ. ‘ಅಂದರೆ ನೇರವಾಗಿ ಒಂಬತ್ತನೆಯದು!’

ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿ ಬಿತ್ತು. ಕಾಮೋಠೆಯವರು ಕುರ್ಚಿಯ ಬೆನ್ನಿನ ಫೋನ್ ನಂಬರನ್ನು ಮುಂದಿನ ಬಾಗಿಲಿನ ಕೀಲಿಯೆಂದು ತಿಳಿದು ಫೋಟೋ ತೆಗೆದುಕೊಂಡರು. ಆ ವಾರವಿಡೀ ಮನೀಶನಿಗೆ ಫೋನ್‌ಗಳು ಬಂದವು. ಸುಮಾರು ಜನ ಕುರ್ಚಿಯನ್ನೂ ಕೊಂಡರು.

ಮನೆಗೆ ನಡೆದು ಬರುವಾಗ ಊರ್ಮಿಳಾ ಹಣ್ಣಿನ ಬುಟ್ಟಿ ಹೊತ್ತು ಮುಂದೆ ಹೋದಳು. ಅಶ್ಮಿತಾ ಫಡಕೆ ರೋಡಿನ ತಿರುವಿನಲ್ಲಿ ಅಪ್ಪನ ಮುಖ ನೋಡದೆ ಹೇಳಿದಳು:

‘ಪೂರೇ ಕ್ಲಾಸ್ ಕೋ ಬೋಲಾ ಥಾ ಮೈಂನೇ. ಕಲ್ ಸೇ ಮೈಂ ಝೂಟೀ ಹೂಂ. ಆಪ್ ನಹೀಂ. ಆಪ್ ಕೋ ತೋ ಶಾಲ್ ಮಿಲಾ.’ ಇಡೀ ಕ್ಲಾಸಿಗೆ ಹೇಳಿದ್ದವಳು ಅವಳು, ನಾಳೆಯಿಂದ ಸುಳ್ಳುಗಾರ್ತಿಯೂ ಅವಳೇ; ಅಪ್ಪನಿಗೆ ಶಾಲು.

ಮರುದಿನ ಎಂಟೂ ಐದರ ಫಾಸ್ಟಿನಲ್ಲಿ ಇನ್ನೊಂದು ಶಿಕ್ಷೆ ಕಾದಿತ್ತು. ಗುಂಪಿನವರು ಅವನಿಗಾಗಿ ಕಿಟಕಿಯ ಸೀಟನ್ನೇ ಬಿಟ್ಟಿದ್ದರು. ‘ಬನ್ನಿ, ಕೂತುಕೊಳ್ಳಿ,’ ಎಂದು ಎಲ್ಲರೂ ಮಣೆ ಹಾಕಿದರು. ಇಷ್ಟು ವರ್ಷ ಆ ಸೀಟಿಗಾಗಿ ಅವನು ಎಷ್ಟು ಮೊಣಕೈ ತಿವಿತ ತಿಂದಿದ್ದನೋ. ಈಗ ಕೂರಲು ಆಗಲಿಲ್ಲ. ‘ಬೇಡ, ನಾನು ನಿಲ್ತೇನೆ,’ ಎಂದ.

‘ಯಾರೂ ಕೂರಬೇಡಿ!’ ಎಂದ ವಸಂತಕುಮಾರ. ‘ಅವರು ನಿಂತದ್ದಕ್ಕೂ ಅರ್ಥ ಉಂಟು.’

ಹೀಗೆ, ಕಾಲಿಡಲು ಜಾಗವಿಲ್ಲದ ಡೊಂಬಿವಲಿ ಲೋಕಲ್ಲಿನಲ್ಲಿ ಒಂದು ಕಿಟಕಿ ಸೀಟು ಖಾಲಿಯಾಗಿ ಸಾಗಿತು. ಜನ ಒಬ್ಬರ ಮೇಲೊಬ್ಬರು ಜೋತು ಬಿದ್ದು ಅದನ್ನು ಭಕ್ತಿಯಿಂದ ನೋಡಿದರು. ಠಾಣೆಯಲ್ಲಿ ಹತ್ತಿದ ಯಾರೋ ಒಬ್ಬ, ಈ ಮೂರ್ಖರನ್ನೆಲ್ಲ ಒಮ್ಮೆ ನೋಡಿ, ಹೋಗಿ ಕೂತು ಕಿಟಕಿಗೆ ತಲೆಯಾನಿಸಿ ನಿದ್ದೆಹೋದ.

ತಾರಾನಾಥ ಅಂದು ಆಫೀಸಿನಿಂದ ಬೇಗ ಹೊರಟು ಅಶ್ಮಿತಾಳ ಟ್ಯೂಶನ್ ಕ್ಲಾಸಿನ ಗೇಟಿಗೆ ಹೋದ. ಅವಳು ಗೆಳತಿಯರೊಂದಿಗೆ ಹೊರಬಂದವಳು ಅಪ್ಪನನ್ನು ಕಂಡು ಅಲ್ಲೇ ನಿಂತಳು. ಸುಳ್ಳು ತನ್ನದು, ಮಗಳದಲ್ಲ ಎಂದು ಅವನು ಗೆಳತಿಯರಿಗೆ ತನ್ನ ಉಡುಪಿ ಹಿಂದಿಯಲ್ಲಿ ಹೇಳಿದ, ‘ಬೇಟಾ, ಝೂಟ್ ಮೈಂ ಬೋಲಾ. ಅಶ್ಮಿತಾ ನಹೀಂ ಬೋಲೀ. ಉಸ್ ಕೋ ಮೈಂ ಉಲ್ಲೂ ಬನಾಯಾ.’

ಹಾಲ್ ತುಂಬ ದೊಡ್ಡವರು ನಂಬದಿದ್ದ ಮಾತನ್ನು ಆ ಮೂವರು ಹುಡುಗಿಯರು ತಕ್ಷಣ ನಂಬಿದರು. ‘ಪತಾ ಥಾ ಅಂಕಲ್,’ ಎಂದಳು ಒಬ್ಬಳು ಪಾಪ, ಮರ್ಯಾದೆಯಿಂದಲೇ. ‘ಕುರ್ಸೀ ಪೇ ನಂಬರ್ ಲಿಖಾ ಥಾ.’

ತಾರಾನಾಥ ತಲೆಯಾಡಿಸಿದ. ಅಲ್ಲಿಂದ ಮನೆಯವರೆಗೆ ಮಗಳು ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಆದರೆ ರಸ್ತೆ ದಾಟುವಲ್ಲೆಲ್ಲ ನಿಂತು, ಅವನು ಬಂದನೋ ಎಂದು ತಿರುಗಿ ನೋಡಿದಳು.

ನಿಜವಾದ ಎರಡನೆಯ ಭಾಗ ಬಂದದ್ದು ಮರುವರ್ಷದ ಮಳೆಗಾಲದಲ್ಲಿ. ದೀಪವಿಲ್ಲ, ಕೆಂಪು ಕಾಗದವಿಲ್ಲ, ಸುಮ್ಮನೆ ಫೋನಿಗೆ ಬಂದಿಳಿಯಿತು. ಅಶ್ಮಿತಾ ದಿವಾನದ ಮೇಲೆ ಕಾಲು ಚಾಚಿ ಆಡುತ್ತಿದ್ದಳು. ತಾರಾನಾಥ ಪೇಪರು ಓದುವವನಂತೆ ದೂರ ನಿಂತು ಇಣುಕುತ್ತಿದ್ದ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಾಲು ಮಡಚಿ ಒಂದಿಷ್ಟು ಜಾಗ ಬಿಟ್ಟಳು. ಲೋಕಲ್ಲಿನಲ್ಲಿ ನಾಲ್ಕನೆಯವನಿಗೆ ಸಿಗುವಷ್ಟು ಜಾಗ. ತಾರಾನಾಥ ಅದರಲ್ಲಿ ಕೂತ.

‘ಆಪ್ ಖೋಲೋ,’ ಎಂದು ಬಾಗಿಲು ತೆರೆಯಲು ಫೋನು ಅವನ ಕೈಗಿಟ್ಟಳು. ‘ವಿಡಿಯೋ ನಹೀಂ.’

ಎಂಟನೆಯ ಬಾಗಿಲು. ಅವನು ಹಿಡಿಕೆ ತಿರುಗಿಸಿದ, ಗಂಟೆ ಬಾರಿಸಿದ, ಪರದೆಯನ್ನು ಉಜ್ಜಿದ. ಬಾಗಿಲು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅವನ ಸ್ವಂತ ಫೋನು ಬಡಿದುಕೊಂಡಿತು. ಭುಜಂಗಣ್ಣ.

‘ತಾರಾನಾಥ, ಎರಡನೆಯದು ಬಂತಲ್ಲ! ಎಂಟನೆಯ ಬಾಗಿಲಿನ ಹಿಂದೆ ಎಂತ ಉಂಟು ಮಾರಾಯ್ರೆ?’

ತಾರಾನಾಥ ಮಗಳ ಕಡೆ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

‘ಗೊತ್ತಿಲ್ಲ ಅಣ್ಣಾ,’ ಎಂದ.

‘ಗೊತ್ತಿದ್ದೂ ಹೇಳುವುದಿಲ್ಲ! ದೊಡ್ಡ ಮನುಷ್ಯರು ನೀವು, ದೊಡ್ಡ ಮನುಷ್ಯರು!’

ಅಶ್ಮಿತಾ ಅಪ್ಪನ ಕಿವಿಯಿಂದ ಫೋನು ಕಿತ್ತುಕೊಂಡಳು. ತಡೆತಡೆದು, ಒಂದೊಂದೇ ಶಬ್ದ ಹುಡುಕಿ, ಕನ್ನಡದಲ್ಲಿ ಹೇಳಿದಳು:

‘ಅಂಕಲ್, ಪಪ್ಪನಿಗೆ ನಿಜವಾಗಿ ಗೊತ್ತಿಲ್ಲ. ಒಂದು ಬಾಗಿಲು ಕೂಡ ಬರುವುದಿಲ್ಲ ಅವರಿಗೆ. ನಾನು ಕಲಿಸ್ತಾ ಇದ್ದೇನೆ.’

ತಾರಾನಾಥನಿಗೆ ಕಿವಿಯವರೆಗೂ ನಾಚಿಕೆಯಾಯಿತು. ಆದರೆ ಅವನು ಎದ್ದು ಹೋಗಲಿಲ್ಲ.